ಸೀಳಿದ ಕಪ್ಪು ಮನೆ

ನಿಲ್ದಾಣದ ಧ್ವನಿವರ್ಧಕ ಎರಡು ಸಲ ಕೂಗುತ್ತದೆ:
ಬ್ರಿಕ್ಸೆನ್. ಬ್ರೆಸ್ಸನೋನೆ.
ಇಳಿಯುವವರೆಲ್ಲ ಒಂದೇ ಪ್ಲಾಟ್‌ಫಾರ್ಮಿಗೆ ಇಳಿಯುತ್ತಾರೆ.

ವಾಲ್ಬುರ್ಗಾ ಆಗಲೇ ಪಿಯಾನೋದ ಎದೆ ತೆರೆದು ಕೂತಿದ್ದಳು,
ಬಾಯಲ್ಲಿ ಫೆಲ್ಟಿನ ಪಟ್ಟಿ, ಕೈಯಲ್ಲಿ ಶ್ರುತಿಯ ಕೀಲಿ.
ನಾನು ಇಲಾರಿಯೊ. ಆರನೆಯ ವಾರವೂ
ದೀಪ ಹಿಡಿಯುವುದೇ ಕೆಲಸ.

"ಈ ಕಪ್ಪು ಮನೆಯ ಹೆಸರೇನು?"
ಜಿ ಶಾರ್ಪ್, ಅಂದೆ.
"ಅಲ್ಲ."
ಹಾಗಾದರೆ ಎ ಫ್ಲ್ಯಾಟ್.
"ಅದೂ ಅಲ್ಲ. ಹಿಂದೇನು ಮುಂದೇನು ಕೇಳದೆ
ಹೆಸರು ಬರೆದುಕೊಳ್ಳುವವನು ಜನಗಣತಿಯ ಗುಮಾಸ್ತ.
ಎ-ಯ ಹೊಸ್ತಿಲಿಗೆ ಒಂದು ಕಾಲು ಎತ್ತಿದಾಗ ಜಿ ಶಾರ್ಪ್.
ಜಿ-ಯ ಮಡಿಲಿಗೆ ಜಾರುವಾಗ ಎ ಫ್ಲ್ಯಾಟ್.
ತಂತಿ ಅದೇ, ಸುತ್ತಿಗೆ ಅದೇ."

ಮತ್ತೆ ಎಫ್ ಶಾರ್ಪ್ ಮೇಜರ್, ಜಿ ಫ್ಲ್ಯಾಟ್ ಮೇಜರ್?
"ಕಿವಿಗೆ ಒಂದೇ ಊರು.
ಆರು ಶಾರ್ಪ್ ಹೊತ್ತು ಬಂದೆಯೋ, ಆರು ಫ್ಲ್ಯಾಟೋ,
ಹಾಳೆಗೆ ಮಾತ್ರ ಗೊತ್ತು, ಬಂದ ದಾರಿ."

ಮಧ್ಯಾಹ್ನ ಮಠದ ನೆಲಮಾಳಿಗೆ. ಸೇಬಿನ ಪೆಟ್ಟಿಗೆಗಳ ಹಿಂದೆ
ಧೂಳು ಹೊದ್ದ ಹಾರ್ಪ್ಸಿಕಾರ್ಡ್.
ಅದರ ಕಪ್ಪು ಮನೆ ನಡುವೆ ಸೀಳಿತ್ತು:
ಮುಂದಿನ ತುಂಡು ಜಿ ಶಾರ್ಪ್, ಹಿಂದಿನದು ಎ ಫ್ಲ್ಯಾಟ್,
ಒಂದೊಂದಕ್ಕೂ ಅದರದೇ ತಂತಿ.
ಎರಡನ್ನೂ ಒಟ್ಟಿಗೆ ಒತ್ತಿದೆ.
ಗೋಡೆ ಹಂಚಿಕೊಂಡು ಮಾತು ಬಿಟ್ಟ ದಾಯಾದಿಗಳ ಹಾಗೆ
ಗಾಳಿ ಗಡಗಡ ನಡುಗಿತು.

"ಹನ್ನೆರಡು ಪಂಚಮ ಹತ್ತಿ ಹೋದರೆ
ಹೊರಟ ಮನೆಗೇ ಮರಳಬೇಕು. ಮರಳುವುದಿಲ್ಲ.
ಕೂದಲೆಳೆಯಷ್ಟು ಮೇಲೆ ಇರುತ್ತದೆ ಬಾಗಿಲು.
ಆ ಎಳೆಯನ್ನು ಒಂದೇ ಕಡೆ ತುರುಕಿದರೆ ತೋಳ ಊಳಿಡುತ್ತದೆ.
ಅದಕ್ಕೇ ಎಲ್ಲರ ಜೇಬಿನಿಂದಲೂ ಒಂದಿಷ್ಟು ಕದಿಯುತ್ತೇನೆ.
ಯಾರಿಗೂ ಪೂರ್ತಿ ನ್ಯಾಯವಿಲ್ಲ. ಎಲ್ಲ ಊರಿಗೂ ದಾರಿಯಿದೆ."

ಮೆಟ್ಟಿಲು ಹತ್ತುತ್ತ, ಕೇಳದೆಯೇ ಹೇಳಿದಳು:
ಅಪ್ಪನ ಹೆಸರು ಇಂಗೆನುಯಿನ್.
ಶಾಲೆಯ ಪುಸ್ತಕದಲ್ಲಿ ಒಂದು ಬೆಳಿಗ್ಗೆ ಇಂಜೆನುಯಿನೊ.
"ಕೂಗಿದರೆ ಓಗೊಡುತ್ತಿದ್ದ.
ಆದರೆ ಒಂದು ಉಸಿರು ತಡವಾಗಿ.
ಆ ಉಸಿರನ್ನು ಯಾವ ಪಿಯಾನೋದಲ್ಲಿ ಕೂರಿಸಲಿ?"

ಸಂಜೆ ಕೊನೆಯ ತಂತಿ ಬಾಕಿಯಿತ್ತು.
ಆಕೆ ದೀಪ ತಾನೇ ಹಿಡಿದು
ಕೀಲಿ ನನ್ನತ್ತ ಚಾಚಿ ಕರೆದಳು: ಹಿಲಾರ್.

ನನ್ನ ತಾಯಿ ಹಾಗೆ ಕರೆದವಳಲ್ಲ.
ಒಂದು ಉಸಿರು ತಡೆದು,
ಎದ್ದೆ.