ಎಡಗಡೆಯ ಸಾಲು

ರಾತ್ರಿಯಿಂದ ಉಪವಾಸ, ಆದರೂ
ಮೌಲಾಸಾಬ ನದಾಫರ ಹೊಟ್ಟೆಯ ತುಂಬ ಗಾಳಿ.
ನಾಲ್ಕು ಗುಳಿಗೆಗೂ ಬಗ್ಗದ ಬಿಪಿ,
ಸಿಟಿ ಸ್ಕ್ಯಾನಿನ ಬಣ್ಣದ ಸೂಜಿ ತಾಳಲಾರದ ಕಿಡ್ನಿ.
ಉಳಿದದ್ದು ನಾನು, ಈ ತಣ್ಣನೆಯ ಜೆಲ್ಲು.

"ಉಸಿರು ಹಿಡೀರಿ."
ಹಿಡಿದರು, ಕೆಮ್ಮಿದರು, ಮತ್ತೆ ಹಿಡಿದರು.
ಬಲಗಡೆ ಸಿಕ್ಕಿತು:
ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದ ಹಾಗೆ
ಸೆಕೆಂಡಿಗೆ ಮುನ್ನೂರು ಸೆಂಟಿಮೀಟರ್ ಚಿಮ್ಮುವ ರಕ್ತ,
ಸ್ಪೀಕರಿನಲ್ಲಿ ಸುಂಯ್ ಸುಂಯ್.

ಮುದುಕ ಕಣ್ಣು ತೆರೆದರು.
"ಇಲ್ಲೆ ಸಣ್ಣಾಗೇದ ಬಾಯಾರ.
ವಿಜಾಪುರದಾಗ ಮೂವತ್ತೊಂದು ವರ್ಷ ವಾಲ್ವ್‌ಮನ್.
ಜೋರಾಪುರ ಪೇಟಿ ನೆಲಕ್ಕ ಸಲಾಕಿ ಊರಿ
ಕಿವಿ ಹಚ್ಚಿ ಇದನ್ನ ಕೇಳೇನಿ."

ಎಡಗಡೆ ಬರೀ ಬೂದಿ.
ಮಗ್ಗುಲಾಗಿಸಿದೆ, ಬೆನ್ನ ಕಡೆಯಿಂದ ಹುಡುಕಿದೆ,
ಕರುಳಿನ ಗಾಳಿ ಸರಿಯಲಿಲ್ಲ.
ಇನ್ನೊಬ್ಬರ ಕೈಗೆ ಸಿಗುತ್ತಿತ್ತೋ ಏನೋ.

"ಸಲಾಕಿ ಸುಮ್ಮನಿದ್ದರೆ?" ಕೇಳಿದೆ.
"ಮ್ಯಾಲ ಲಾರಿ ಹೊಂಟಿದ್ರೂ ಕೇಳಸೂದಿಲ್ಲ.
ಪೈಪ್ ಚಲೋ ಅದ ಅಂತ ಬರೀತಿದ್ದಿಲ್ಲ ನಾ,
ಮರುದಿನ ಮತ್ತ ಹೋಗತಿದ್ದೆ."

ವರದಿಯ ನಮೂನೆಯಲ್ಲಿ ಎಡಗಡೆಯ ಸಾಲಿಗೆ
'ಸಹಜ' ಎಂದು ಮೊದಲೇ ಅಚ್ಚಾಗಿರುತ್ತದೆ.
ಒಂದೊಂದೇ ಅಕ್ಷರ ಅಳಿಸಿ
'ಕಾಣಲಿಲ್ಲ' ಎಂದು ಬರೆದೆ.