ನೂರೆಂಟು ಹೊಲಿಗೆ

ಬೇಸ್‌ಬಾಲ್ ಚೆಂಡಿಗೆ ನೂರೆಂಟು ಹೊಲಿಗೆ, ಕೆಂಪು ದಾರದ್ದು.
ಬೇಕಿದ್ದರೆ ಎಣಿಸಿ. ನಾನು ಎಣಿಸಿದ್ದೇನೆ,
ಹೋಟೆಲಿನವಳು ಫೋನಿನಲ್ಲಿ ಕಾಯಿಸಿದ ಹೊತ್ತು,
ಒಂದೊಂದನ್ನೇ ಉಗುರಲ್ಲಿ ಮುಟ್ಟಿ,
ಜಪಕ್ಕೆ ಕೂತವರ ಹಾಗೆ.

ನೂರೆಂಟೇ.
ಕೆಲಸವೂ ಅಷ್ಟೇ ಇರಬಹುದು ಅಂದುಕೊಂಡಿದ್ದೆ.

ಮಿಲ್ವಾಕೀ, ಜುಲೈ.
ಸರೋವರದ ಗಾಳಿಗೆ ಬಿಯರ್ ಕಾರ್ಖಾನೆಯ ಹುಳಿವಾಸನೆ.
ದೇಶದ ತಾರೆಗಳೆಲ್ಲ ಮೂರು ದಿನಕ್ಕೆ ನಮ್ಮೂರಲ್ಲಿ ಇಳಿಯುತ್ತಾರೆ;
ಇಳಿದ ಮೇಲೆ ಮಲಗಬೇಕಲ್ಲ.
ಒಬ್ಬನಿಗೆ ಏಳಡಿ ಮಂಚ, ಒಬ್ಬನಿಗೆ ಒಂಬತ್ತನೇ ಮಹಡಿ ಆಗದು,
ಒಬ್ಬನ ಅಜ್ಜಿಗೆ ಗಾಲಿಕುರ್ಚಿ,
ಗಾಲಿಕುರ್ಚಿಗೆ ಇಳಿಜಾರು,
ಇಳಿಜಾರಿಗೆ ನಗರಸಭೆಯ ಸಹಿ,
ಸಹಿ ಹಾಕುವವನು ಮೀನು ಹಿಡಿಯಲು ಹೋಗಿದ್ದಾನೆ.

ಮೈದಾನದ ಆಲ್ವಿನ್ ಮಾತ್ರ ಯಾರ ಫೋನೂ ಎತ್ತುವುದಿಲ್ಲ.
ಮಂಡಿಯೂರಿ ಹುಲ್ಲಿನ ಮೇಲೆ ಕೈಯಾಡಿಸುತ್ತಾನೆ,
ಜ್ವರ ಬಂದ ಮಗುವಿನ ಹಣೆ ನೋಡುವಂತೆ.
"ಎಂಬತ್ತು ಮಂದಿ ಕುಣಿಯುವವರನ್ನು ಇದರ ಮೇಲೆ ಬಿಟ್ಟಿರೋ,
ನಾನು ಅಡ್ಡ ಮಲಗುತ್ತೇನೆ."
ಮಲಗುವ ಆಳೇ.
ಕುಣಿಯುವವರಿಗೆ ಬರಿಗಾಲಲ್ಲಿ ಬನ್ನಿ ಎಂದು ಹೇಳಿ ಕಳಿಸಿದೆವು.

ಶನಿವಾರ ತಾಲೀಮು.
ತಾರೆಗಳ ಜಾಗದಲ್ಲಿ ನಾವು, ಬಿಳಿಗೆರೆಯ ಮೇಲೆ ಸಾಲಾಗಿ,
ಎದೆಗೊಂದು ರಟ್ಟು, ರಟ್ಟಿನಲ್ಲಿ ಅವರ ಹೆಸರು.
ಹ್ಯಾಲಿಗನ್ ಆಗಿದ್ದವನು ಲಾಂಡ್ರಿಯ ಒರ್ವಿಲ್.
ಹೆಸರು ಕೂಗಿದಾಗ ಒಂದು ಹೆಜ್ಜೆ ಮುಂದೆ ಬಂದು
ಟೋಪಿ ಎತ್ತಿದ.
ಎಂಥಾ ಎತ್ತುವಿಕೆ ಅದು!
ನಲವತ್ತು ಸಾವಿರ ಖಾಲಿ ಕುರ್ಚಿಗಳ ನಡುವಿಂದ
ಎರಡು ಬಿಳಿಹಕ್ಕಿ ಎದ್ದು ಹಾರಿದವು.

ಸಂಜೆ ಏಳಕ್ಕೆ ಸುದ್ದಿ: ಹ್ಯಾಲಿಗನ್ ಬರುವುದಿಲ್ಲ.
ತೊಡೆಯ ಹಿಂದಿನ ಸ್ನಾಯು, ಮೂರನೇ ಬೇಸಿಗೆ ಓಡುವಾಗ.
ಬದಲಿಗೆ ಬುಸ್ತಮಾಂಟೆ.
ಯಾರು? ಅಂದರು ಕಚೇರಿಯಲ್ಲಿ ಇಬ್ಬರು.
ಮೂವತ್ತಾರರ ಕ್ಯಾಚರ್.
ಹನ್ನೊಂದು ವರ್ಷ ಮಂಡಿ ಮಡಿಸಿ ಕೂತು
ಬೇರೆಯವರು ಎಸೆದದ್ದನ್ನು ಹಿಡಿದವನು.
ಫೋನ್ ಹೋದಾಗ ಅತ್ತೆಮನೆಯ ಕಟಕಟೆಗೆ ಬಣ್ಣ ಬಳಿಯುತ್ತಿದ್ದನಂತೆ;
ಏಣಿಯ ಮೇಲಿಂದಲೇ ಕೇಳಿದ:
"ಎರಡನೇ ಕೋಟ್ ಮುಗಿಸಿ ಹೊರಟರೆ ಆದೀತಾ?"

ಆ ಅಳತೆಯ ಅಂಗಿ ಇನ್ನೊಂದಿಲ್ಲ.
ಹೊಸದು ಬರುವುದು ಬುಧವಾರ. ಪಂದ್ಯ ಮಂಗಳವಾರ.
ನೂರೊಂಬತ್ತನೆಯ ಕೆಲಸ ಬಗಲಲ್ಲಿಟ್ಟುಕೊಂಡು
ರಾತ್ರಿ ಬೊಜೆನಾಳ ಬಾಗಿಲು ತಟ್ಟಿದೆ,
ಕಟುಕನ ಅಂಗಡಿಯ ಮೇಲಿನ ಮಹಡಿ,
ಅರ್ಧ ಹೊಲಿದ ಮದುವೆ ಗೌನುಗಳ ನಡುವೆ ದಾರಿ ಮಾಡಿಕೊಂಡು.

"ಎಷ್ಟಕ್ಷರ?"
"ಹತ್ತು."
"ದೇವರೇ! ಬೆನ್ನು ಸಾಲುತ್ತದಾ?"
"ಕ್ಯಾಚರ್. ಬೆನ್ನಿಗೇನೂ ಬರವಿಲ್ಲ."
ನೀಲಿ ಸ್ಯಾಟಿನ್ ಏಳಕ್ಷರಕ್ಕಷ್ಟೇ ಮಿಕ್ಕಿತ್ತು.
ಹ್ಯಾಲಿಗನ್ನನಿಂದ ಎರಡು ಎ, ಒಂದು ಎನ್
ಬ್ಲೇಡಿನ ತುದಿಯಲ್ಲಿ ಬಿಡಿಸಿ, ಇಸ್ತ್ರಿ ಮಾಡಿ,
ಪಕ್ಕದ ಮನೆಯಿಂದ ಕಡ ತಂದ ಸಕ್ಕರೆಯ ಹಾಗೆ
ಜೋಪಾನವಾಗಿ ಒಂದೆಡೆ ಇಟ್ಟಳು.
ಮಿಕ್ಕ ಐದು ಗುಂಡಿಯ ಡಬ್ಬಿಗೆ.
"ಇರಲಿ. ಮುಂದಿನ ವರ್ಷ ಬಂದಾನು."

ಎರಡು ಗಂಟೆಯವರೆಗೆ ಹೊಲಿದಳು. ನಾನು ದಾರ ಹಿಡಿದೆ.
ಒಂದು ಆಟವನ್ನೂ ಅವಳು ನೋಡಿದವಳಲ್ಲ;
ಗೊತ್ತಿರುವುದು ಬೆನ್ನುಗಳಷ್ಟೇ.

ಸೋಮವಾರ ಬುಸ್ತಮಾಂಟೆ ಬಂದ.
ಬೆರಳ ಗೆಣ್ಣುಗಳಲ್ಲಿ ಇನ್ನೂ ಬಿಳಿ ಬಣ್ಣ.
ಅಂಗಿ ತೊಡುವ ಮುಂಚೆ ಒಳಗೆ ಕೈ ಹಾಕಿ
ಹೆಬ್ಬೆರಳಿನಿಂದ ತಡವಿದ
ಹಳೆಯ ಹೆಸರಿನ ಸೂಜಿತೂತುಗಳನ್ನು.
ಏನೂ ಕೇಳಲಿಲ್ಲ.
ಕೇಳಿದ್ದು ಇಷ್ಟೇ, ತೀರಾ ಮೆಲ್ಲಗೆ:
"ಹೆಸರು ಕೂಗಿದಾಗ ಏನು ಮಾಡಬೇಕು?"

ಒಗೆದ ಟವೆಲಿನ ಗಾಡಿ ಅಲ್ಲೇ ನಿಲ್ಲಿಸಿ
ಒರ್ವಿಲ್ ಮುಂದೆ ಬಂದ.
ತೋರಿಸಿದ.
ಬುಸ್ತಮಾಂಟೆ ಟೋಪಿ ಎತ್ತಿದ, ಏಣಿಯಿಂದ ಇಳಿಯುವವನಂತೆ.
"ಇನ್ನೊಮ್ಮೆ," ಅಂದ ಒರ್ವಿಲ್,
"ಅವಸರವಿಲ್ಲ. ನಾಳೆಯವರೆಗೂ ಹೊತ್ತಿದೆ."