ಫೆಬ್ರವರಿ ಹನ್ನೊಂದು

ನನ್ನ ಮೇಜಿನ ಮೇಲೆ ಎರಡು ತಾರೀಖು.
ಒಂದು, ಬ್ರಿಗೇಡು ವಿಮಾನ ಹತ್ತುವ ದಿನ, ಅಕ್ಟೋಬರ್ ಮೂರು.
ಇನ್ನೊಂದು, ಆರ್ವಿಲ್ ನೇಪಿಯರ್ ಎಂಬ ಮೆಕ್ಯಾನಿಕ್ಕಿನ
ನಾಲ್ಕು ವರ್ಷದ ಕರಾರು ಮುಗಿಯುವ ದಿನ.
ಹೋದವರು ಮರಳುವುದು ಜೂನ್‌ಗೆ. ಅದೂ ಬಾಯಿಮಾತು.

ನಡುಹೊಳೆಯಲ್ಲಿ ಅವಧಿ ತೀರುವ ದೋಣಿಚೀಟಿ
ಇವನಿಗೆ ಯಾರು ಕೊಟ್ಟರೋ.
ಸಹಿ ನನ್ನದಲ್ಲ.
ಕುರ್ಚಿ ಮಾತ್ರ ಇದೇ.

ಬಂದ. ಟೋಪಿ ಮೊಣಕಾಲ ಮೇಲಿಟ್ಟ.
ತೊಳೆದ ಕೈ, ಆದರೂ ಉಗುರಿನ ಸಂದಿಯಲ್ಲಿ ಗ್ರೀಸು.
ಎಂಟು ತಿಂಗಳು ಹೆಚ್ಚಿಗೆ ಬರೆದುಕೊಡು, ಅಂದೆ,
ಎಲ್ಲರ ಜೊತೆ ಹೋಗಿ ಎಲ್ಲರ ಜೊತೆ ಬಾ.
ಇಲ್ಲ, ಮತ್ತೆ ನಾಲ್ಕು ವರ್ಷ ಅನ್ನು;
ಅಲ್ಲಿಗೆ ಹೋಗಿ ಸಹಿ ಹಾಕಿದರೆ
ಬರುವ ದುಡ್ಡಿಗೆ ತೆರಿಗೆಯೂ ಇಲ್ಲ.
ಮೂರನೆಯದನ್ನು ನಾನು ಹೇಳಲಿಲ್ಲ.
ಅವನಿಗೆ ಗೊತ್ತಿತ್ತು.

ಜೇಬಿನಿಂದ ನಾಲ್ಕು ಮಡಿಕೆಯ ರಸೀತಿ ತೆಗೆದ.
ಮಾರ್ಚ್ ಒಂದರಿಂದ, ಕೆಂಟಕಿಯ ಅವನ ಗುಡ್ಡಸೀಮೆಯಲ್ಲಿ,
ವಿದ್ಯುತ್ ಕಂಬ ಹತ್ತುವ ಕಲಿಕೆ.
ಮುಂಗಡ ಕಟ್ಟಿಯಾಗಿದೆ.
ಮಡಿಕೆ ಸವೆದು ಅಕ್ಷರ ಅಳಿಸಿ
ಅವನ ಹೆಸರಿನ ನಡುವೆ ಒಂದು ಬಿರುಕು.

ಆಮೇಲೆ ಕೇಳಿದ:
ಆ ರಾತ್ರಿ ನಾನು ಅಲ್ಲಿದ್ದರೆ,
ಹನ್ನೆರಡು ಹೊಡೆದ ಮೇಲೆ ನಾನು ಯಾರವನು?
ಹನ್ನೆರಡು ಅಂದರೆ ಯಾವ ಗಡಿಯಾರದ್ದು,
ಇಲ್ಲಿಯದೋ ಅಲ್ಲಿಯದೋ?

ನಗು ಬಂತು. ನಗಲಿಲ್ಲ.
ನನ್ನ ಅಣ್ಣ ಲೈಲ್‌ನ ಕಾಲದಲ್ಲಿ
ಕರಾರು ಮುಗಿದವರನ್ನೂ ಬಿಡದೆ ಹಿಡಿದಿಟ್ಟಿದ್ದರು.
ಮುಗಿದ ನಲವತ್ತನೆಯ ದಿನ ಅವನ ಕಾಲು ಹೋಯಿತು.
ಆ ಕಾಲು ಯಾರ ಲೆಕ್ಕದ್ದು ಎಂದು
ಅವನೂ ಕೇಳುತ್ತಾನೆ, ಕುಡಿದಾಗ ಮಾತ್ರ.

ಫಾರಮ್ಮು ಮುಂದೆ ತಳ್ಳಿದೆ.
ಬರುವುದಿಲ್ಲ ಎಂಬಲ್ಲಿ ಆರ್ವಿಲ್ ಸಹಿ ಹಾಕಿದ,
ನಿಧಾನ, ಶಾಲೆಯ ಹುಡುಗನ ಹಾಗೆ.

ಯಾರೂ ಬಯ್ಯಲಿಲ್ಲ.
ಊಟದ ಮೇಜಿನಲ್ಲಿ ಅವನ ಎರಡೂ ಪಕ್ಕ
ಒಂದೊಂದು ಕುರ್ಚಿ ಖಾಲಿ ಉಳಿಯತೊಡಗಿತು, ಅಷ್ಟೆ.

ಅವನ ಜಾಗಕ್ಕೆ ತಿಯೊ ಬನ್ಯುವೆಲೋಸ್, ಹತ್ತೊಂಬತ್ತು,
ಮೊಡವೆ ಇನ್ನೂ ಮಾಗದ ಕೆನ್ನೆ.
ಆರು ವಾರ ಅವನನ್ನು ಎಂಜಿನ್ನಿನ ಮೇಲೆ ಬಗ್ಗಿಸಿ
ಆರ್ವಿಲ್ ಹೇಳಿಕೊಟ್ಟ:
ಸ್ಕ್ರೂಡ್ರೈವರಿನ ತುದಿ ಲೋಹಕ್ಕಿಡು,
ಹಿಡಿಕೆ ಕಿವಿಗೆ.
ಎಲ್ಲ ಸರಿಯಿದ್ದರೆ ಜೇನುಪೆಟ್ಟಿಗೆ.
ಸರಿಯಿಲ್ಲದಿದ್ದರೆ ಯಾರೋ ಬಾಗಿಲು ಬಡಿಯುತ್ತಾರೆ.
ಕಣ್ಣು ಮುಚ್ಚು. ಯಾವ ಬಾಗಿಲು, ಹೇಳು.

ಅಕ್ಟೋಬರ್ ಮೂರರ ನಸುಕಿನಲ್ಲಿ
ಎಲ್ಲರ ಚೀಲಗಳನ್ನೂ ಲಾರಿಗೆ ಎತ್ತಿಹಾಕಿದವನು ಅವನೇ.
ತಿಯೊನ ಚೀಲ ಕೊನೆಗೆ.
ಮೇಲೆ ಬಾತುಗಳ ಸಾಲು, ಸರೋವರ ಬಿಟ್ಟು ದಕ್ಷಿಣಕ್ಕೆ;
ಅವಕ್ಕೆ ಕಾಗದಪತ್ರ ಇರಲಿಲ್ಲ.

ಆಮೇಲೆ ಹಿಮ. ವಾಟರ್‌ಟೌನಿನ ಹಿಮ,
ಸಲಿಕೆಗೆ ಸಿಗುವ ಮೊದಲೇ ಕಲ್ಲಾಗುವುದು.
ಮುನ್ನೂರು ಹಾಸಿಗೆ ಖಾಲಿ ಬಿದ್ದ ಬ್ಯಾರಕ್ಕಿನ ಮೆಟ್ಟಿಲಿಂದ
ಅವನು ದಿನಾ ದಾರಿ ಕೆತ್ತುತ್ತಿದ್ದ.
ಯಾರು ಬರುತ್ತಾರೆಂದು ನಾನು ಕೇಳಲಿಲ್ಲ.

ಫೆಬ್ರವರಿ ಹನ್ನೊಂದು, ಸಂಜೆ ನಾಲ್ಕೂ ಇಪ್ಪತ್ತು.
ಗುರುತಿನ ಚೀಟಿ ನನ್ನ ಮೇಜಿನ ಮೇಲಿಟ್ಟ.
ಬಾಗಿಲ ಹತ್ತಿರ ಹೋದವನ ಜೇಬಿನಲ್ಲಿ ಫೋನು ಗುನುಗಿತು.
ತಿಯೊ. ಮಾತಿಲ್ಲ,
ಬರೀ ಎಂಜಿನ್ನಿನ ಸದ್ದು, ಮುಕ್ಕಾಲು ನಿಮಿಷ.

ಬಾಗಿಲು ಅರ್ಧ ತೆರೆದೇ ಇತ್ತು. ಚಳಿ ಒಳಗೆ ಬಂತು.
ಆರ್ವಿಲ್ ಕಣ್ಣು ಮುಚ್ಚಿ, ಫೋನನ್ನು ಕಿವಿಗೊತ್ತಿ
ಇನ್ನೊಮ್ಮೆ ಕೇಳಿದ. ಮತ್ತೊಮ್ಮೆ.
ನೀರಿನ ಪಂಪು, ಅಂದ, ನನಗಲ್ಲ.
ಬೇರಿಂಗು ಹೋಗಿದೆ, ಬೆಳಗಿನವರೆಗೆ ಓಡಿಸಬೇಡ.

ನಾನು ಗೋಡೆ ನೋಡಿದೆ.
ನನ್ನ ಗಡಿಯಾರದಲ್ಲಿ ಅವನು ಇನ್ನೂ ಏಳೂಮುಕ್ಕಾಲು ಗಂಟೆ
ನಮ್ಮವನು.
ಪಕ್ಕದ ಗಡಿಯಾರದಲ್ಲಿ, ಅವರಿರುವ ಕಡೆಯದರಲ್ಲಿ,
ಆಗಲೇ ಹನ್ನೆರಡು.